ವಾರೆನ್ನನ ನೆಲ, ಅಜ್ಜನ ಗೇಣಿ

ಶಾಸನಗಳನ್ನು ಓದಿಸುವುದೇ ವೃತ್ತಿಯಾದವನಿಗೆ ನೆಲದ ಲೆಕ್ಕ ಹೊಸದಲ್ಲ. ಮತ್ತರು, ಕಂಬಗಳ ಅಳತೆಯನ್ನೂ ದತ್ತಿಯ ಎಲ್ಲೆಗಳನ್ನೂ ವಿವರಿಸುತ್ತ ಮುಂಬಯಿಯ ತರಗತಿಗಳಲ್ಲಿ ಮೂವತ್ತು ವರ್ಷ ಸಂದಿವೆ. ಆದರೂ ಆ ಲೆಕ್ಕದಲ್ಲಿ ಬಿಟ್ಟುಹೋದದ್ದು ಯಾವುದೆಂದು ನನಗೆ ಹೊಳೆದದ್ದು ಪರದೇಶದ ಒಂದು ಇಗರ್ಜಿಯಲ್ಲಿ ಎಂದರೆ ವಿದ್ಯಾರ್ಥಿಮಿತ್ರರು ನಗಬಾರದು.

ಕೆಲವು ವರ್ಷಗಳ ಹಿಂದೆ ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ಲೂಯಿಸ್ ಪಟ್ಟಣಕ್ಕೆ ಹೋಗಿದ್ದೆ. ಅಲ್ಲಿಯ ಸೌತ್‌ಓವರ್ ಇಗರ್ಜಿಯಲ್ಲಿ ಎರಡು ಪುಟ್ಟ ಸೀಸದ ಪೆಟ್ಟಿಗೆಗಳಿವೆ. 1845ರಲ್ಲಿ ರೈಲುದಾರಿಗಾಗಿ ಹಳೆಯ ಮಠದ ನೆಲವನ್ನು ಅಗೆಯುವಾಗ ದೊರೆತವು. ಒಂದರ ಮೇಲೆ ವಿಲಿಯಂ, ಇನ್ನೊಂದರ ಮೇಲೆ ಗುಂಡ್ರಾಡಾ ಎಂಬ ಹೆಸರುಗಳು.

ವಿಲಿಯಂ ದ ವಾರೆನ್ನ ನಾರ್ಮಂಡಿಯ ಸಾಮಂತ ಮನೆತನವೊಂದರ ಕಿರಿಯ ಮಗ. ಪಿತ್ರಾರ್ಜಿತದ ಭರವಸೆ ಅವನಿಗೆ ಹೆಚ್ಚಿರಲಿಲ್ಲ. 1054ರ ಮೋರ್ತಮೇರ್ ಕಾಳಗದ ತರುವಾಯ ಡ್ಯೂಕನ ಅವಕೃಪೆಗೆ ಪಾತ್ರನಾದ ಬಂಧುವೊಬ್ಬನ ಜಮೀನು ಅವನ ಕೈಸೇರಿತು. 1066ರಲ್ಲಿ ಹೇಸ್ಟಿಂಗ್ಸ್ ರಣರಂಗದಲ್ಲಿ ಅವನು ಡ್ಯೂಕನ ಜೊತೆಗಿದ್ದ. ಅದಕ್ಕೆ ಪ್ರತಿಫಲವಾಗಿ ಸಸೆಕ್ಸಿನ ಲೂಯಿಸ್, ನಾರ್ಫೋಕಿನ ಕಾಸಲ್ ಏಕರ್, ಒಂದೊಮ್ಮೆ ಹೆರಾಲ್ಡನದಾಗಿದ್ದ ಯಾರ್ಕ್‌ಶೈರಿನ ಕಾನಿಸ್‌ಬರೊ ಮೊದಲಾದವು ಬಂದವು. 1086ರ ಡೂಮ್ಸ್‌ಡೇ ದಫ್ತರದ ಪ್ರಕಾರ ಸುಮಾರು ಹನ್ನೆರಡು ಜಿಲ್ಲೆಗಳಲ್ಲಿ ಅವನ ಭೂಮಿ ಹರಡಿತ್ತು. ವಾರ್ಷಿಕ ಮೌಲ್ಯ 1000 ಪೌಂಡನ್ನು ಮೀರಿತ್ತು. ನಾರ್ಫೋಕಿನ ಹಲವು ಹಿಡುವಳಿಗಳಿಗೆ ‘ಲೂಯಿಸಿನ ವಿನಿಮಯಕ್ಕಾಗಿ’ ಎಂಬ ಟಿಪ್ಪಣಿಯಿದೆ. ಒಂದೆಡೆ ಕಳೆದುಕೊಂಡದ್ದಕ್ಕೆ ಇನ್ನೊಂದೆಡೆ ಪರಿಹಾರ; ದೊಡ್ಡವರ ನಷ್ಟಕ್ಕೆ ಅಂದೂ ಲೆಕ್ಕವಿತ್ತು.

ಗಂಡಹೆಂಡಿರು 1077ರ ಸುಮಾರಿಗೆ ಲೂಯಿಸಿನಲ್ಲಿ ಕ್ಲೂನಿ ಪಂಥದ ಮಠವನ್ನು ಸ್ಥಾಪಿಸಿದರು. ಆ ಪಂಥಕ್ಕೆ ಇಂಗ್ಲೆಂಡಿನಲ್ಲಿ ಅದೇ ಮೊದಲ ಮಠ. 1085ರಲ್ಲಿ ಹೆರಿಗೆಯಲ್ಲಿ ಗುಂಡ್ರಾಡಾ ತೀರಿಕೊಂಡಳು. 1088ರಲ್ಲಿ ವಿಲಿಯಂ ಸರ್ರೆಯ ಅರ್ಲ್ ಪದವಿಗೇರಿದ. ಅದೇ ವರ್ಷ ಪೆವೆನ್ಸಿ ಕೋಟೆಯ ಮುತ್ತಿಗೆಯಲ್ಲಿ ಗಾಯಗೊಂಡು ಮಡಿದ. ಲೂಯಿಸಿನವರಿಗೆ ಅವನು ಪುಣ್ಯವಂತ ದಾನಿ. ಈಲಿಯ ಮಠದವರು ಬರೆದಿಟ್ಟ ಕಥೆಯಲ್ಲಾದರೋ ಅವನ ಆತ್ಮವನ್ನು ಪಿಶಾಚಿಗಳು ಎಳೆದೊಯ್ದವು. ಏಕೆಂದರೆ ಈಲಿಯ ಭೂಮಿಯನ್ನು ಅವನು ಕಬಳಿಸಿದ್ದನೆಂದು ಅವರ ದೂರು. ದತ್ತಿ ಪಡೆದವರ ಲೇಖನಿಯೂ ನೆಲ ಕಳೆದುಕೊಂಡವರ ಲೇಖನಿಯೂ ಒಂದೇ ಜೀವವನ್ನು ಹೀಗೆ ಬೇರೆಬೇರೆಯಾಗಿ ತೂಗಿದವು.

ಆದರೆ ಉತ್ತವನಿಗೆ ಲೇಖನಿಯೇ ಇರಲಿಲ್ಲ. ಡೂಮ್ಸ್‌ಡೇ ದಫ್ತರದಲ್ಲಿ ನೇಗಿಲು, ಗಿರಣಿಗಳಿಗೆ ಲೆಕ್ಕವಿದೆ. ನಾರ್ಫೋಕಿನ ಭಾಗದಲ್ಲಿ ಹಂದಿ, ಕುರಿಗಳಿಗೂ ಇದೆ. ರೈತರು, ಗುಡಿಸಲಿನವರು, ಗುಲಾಮರು ಇಂತಿಷ್ಟು ಮಂದಿ ಎಂದೂ ಇದೆ. ಅವರ ಹೆಸರುಗಳು ಮಾತ್ರ ಇಲ್ಲ.

ಆ ಪೆಟ್ಟಿಗೆಗಳ ಮುಂದೆ ನಿಂತಾಗ ನನಗೆ ನೆನಪಾದವರು ನನ್ನ ಅಜ್ಜ. ದಕ್ಷಿಣ ಕನ್ನಡದ ಹಳ್ಳಿಯೊಂದರಲ್ಲಿ ಅವರು ಧನಿಗಳ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದರು. 1974ರ ಭೂಸುಧಾರಣಾ ಕಾನೂನು ಬಂದಾಗ ಊರಿನ ಅನೇಕರು ಅರ್ಜಿ ಹಾಕಿ ಒಡೆಯರಾದರು. ಅಜ್ಜ ಹಾಕಲಿಲ್ಲ. “ಉಂಡ ಮನೆಯ ಜಂತೆ ಎಣಿಸಲೇ?” ಎಂದರಂತೆ. ಮುಂಬಯಿಯ ಹೋಟೆಲಿನಲ್ಲಿ ದುಡಿಯುತ್ತಿದ್ದ ನನ್ನ ತಂದೆ ಅದನ್ನು ಕೊನೆಯವರೆಗೂ ಕ್ಷಮಿಸಲಿಲ್ಲ. ನಾನು ಮುಂಬಯಿಯವನಾದದ್ದು ಹಾಗೆ.

ಹಿಂತಿರುಗಿದ ಮೇಲೆ ಊರಿಗೆ ಹೋಗಿ ಆ ಗದ್ದೆಯ ಹಳೆಯ ಪಹಣಿಯ ನಕಲು ತೆಗೆಸಿದೆ. ಸಾಗುವಳಿದಾರರ ಕಲಮಿನಲ್ಲಿ ಕೆಲವು ವರ್ಷ ಅಜ್ಜನ ಹೆಸರಿದೆ, ಆಮೇಲೆ ಇಲ್ಲ. ಈಗ ದಾನಶಾಸನವೊಂದನ್ನು ಪಾಠಮಾಡುವಾಗ ದಾನಿ ಯಾರು, ಪಡೆದವರು ಯಾರು ಎಂದು ಕೇಳಿದ ಬಳಿಕ, ಆ ನೆಲವನ್ನು ಅಂದು ಉಳುತ್ತಿದ್ದವರು ಯಾರು ಎಂದೂ ಕೇಳುತ್ತೇನೆ. ಬಹುಮಟ್ಟಿಗೆ ಶಾಸನದಲ್ಲಿ ಉತ್ತರ ಸಿಗುವುದಿಲ್ಲ. ಆಗ ಆ ಪಹಣಿಯ ನಕಲನ್ನು ತರಗತಿಯಲ್ಲಿ ಕೈಯಿಂದ ಕೈಗೆ ದಾಟಿಸುತ್ತೇನೆ.