ಶರಾವತಿಯ ಇಕ್ಕೆಲದ ಆಟದ ರಾತ್ರಿಗಳು

ಭಟ್ಕಳದಿಂದ ಕುಮಟೆಗೆ ಹೋಗುವವರು ಈಗ ಕೊಂಕಣ ರೈಲ್ವೆಯ ಗಾಡಿಯಲ್ಲಿ ಕುಳಿತು, ಕಣ್ಣಿಗೆ ಜೊಂಪು ಹತ್ತುವುದರೊಳಗಾಗಿ ಇಳಿದುಬಿಡುವರು. 1998ರಲ್ಲಿ ಆ ಮಾರ್ಗವು ಪೂರ್ಣವಾಯಿತು. ಅದಕ್ಕೂ ಬಹುಪೂರ್ವದಲ್ಲಿ, ಹೆದ್ದಾರಿಗೆ ಸೇತುವೆಯೂ ಇಲ್ಲದಿದ್ದಾಗ, ಹೊನ್ನಾವರದ ಶರಾವತಿಯನ್ನು ದೋಣಿಯಿಂದಲೇ ದಾಟಬೇಕಾಗಿದ್ದಿತು. ಈ ಸೀಮೆಯು 1956ರ ವರೆಗೆ ಮುಂಬಯಿಯ ಆಡಳಿತಕ್ಕೆ ಒಳಪಟ್ಟಿತ್ತು. ಆ ದಿನಗಳ ಜನರು ದುಡಿದು ದಣಿದ ಮೇಲೆ ಮನಸ್ಸನ್ನು ಎಂತು ತಣಿಸಿಕೊಳ್ಳುತ್ತಿದ್ದರೆಂಬುದನ್ನು ಹಿರಿಯರಿಂದ ಕೇಳುತ್ತ, ನಾನು ಈ ಮೂರು ತಾಲೂಕುಗಳಲ್ಲಿ ಸಂಚರಿಸಿದೆನು.

ಭಟ್ಕಳದಲ್ಲಿ 16ನೆಯ ಶತಮಾನದ ಕೇತಪೈ ನಾರಾಯಣ ದೇವಾಲಯವಿದೆ. ಅದರ ಹೊರಗೋಡೆಗಳ ಮೇಲೆ ರಾಮಾಯಣದ ಕಥೆಯನ್ನು ಶಿಲ್ಪಿಯು ಸಾಲಾಗಿ ಕೊರೆದಿರುವನು. ಅಲ್ಲಿ ಕಲ್ಲಾಗಿ ನಿಂತ ಕಥೆಯೇ ಉತ್ತರಕ್ಕೆ ಸಾಗಿದಂತೆ ಗೆಜ್ಜೆ ಕಟ್ಟಿ ಕುಣಿಯುವುದು. ಇಲ್ಲಿಯವರು ಅದನ್ನು ‘ಆಟ’ವೆಂದಷ್ಟೇ ಕರೆಯುವರು, ಯಕ್ಷಗಾನವೆಂಬ ಹೆಸರು ಪುಸ್ತಕದವರಿಗೆ.

ಪೈರು ಮನೆ ಸೇರಿ ಗದ್ದೆ ಒಣಗಿತೆಂದರೆ ಮೇಳಗಳು ಹೊರಡುತ್ತಿದ್ದವು. ಸಂಜೆಗೇ ಗಂಜಿಯುಂಡು, ಚಾಪೆಯನ್ನು ಸುತ್ತಿ ಕಂಕುಳಲ್ಲಿಟ್ಟು, ತೆಂಗಿನ ಗರಿಯ ಸೂಡಿ ಹಿಡಿದು ಜನರು ಮೈಲುಗಟ್ಟಲೆ ನಡೆದು ಬರುತ್ತಿದ್ದರು. ಹಾಲಕ್ಕಿ ಗೌಡನೂ ಅಂಬಿಗನೂ ಅಂಗಡಿಯ ಸಾಹುಕಾರನೂ ಅದೇ ಗದ್ದೆಯಲ್ಲಿ ಬೆಳಗು ಮಾಡುತ್ತಿದ್ದರು. ನಾಲ್ಕು ಕಂಬ, ಮಾವಿನ ತೋರಣ, ದೀವಟಿಗೆಯ ಬೆಳಕು. ಅನಂತರ ಗ್ಯಾಸ್ ಲೈಟು ಬಂದಿತು. “ಹಾಸ್ಯಗಾರ ಬಂದಾಗ ಎಬ್ಬಿಸು, ಆಯೀ” ಎಂದು ಹೇಳಿ ಮಕ್ಕಳು ತಾಯಿಯ ಮಡಿಲಲ್ಲಿ ಮಲಗುತ್ತಿದ್ದರು. ಎಬ್ಬಿಸಿದ ತಾಯಂದಿರು ಎಷ್ಟು ಮಂದಿಯೋ!

ಹೊನ್ನಾವರ ತಾಲೂಕಿನ ಗುಣವಂತೆಯಲ್ಲಿ 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳವನ್ನು ಕಟ್ಟಿದರು. ಅವರ ಮಗ ಶಂಭು ಹೆಗಡೆಯವರು 2009ರಲ್ಲಿ ತೀರಿಕೊಳ್ಳುವವರೆಗೆ ಅದನ್ನು ಬೆಳೆಸಿದರು. ಭಸ್ಮಾಸುರ, ಕೀಚಕರ ಪಾತ್ರಗಳಿಂದ ಹೆಸರಾದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರೂ ಇದೇ ತಾಲೂಕಿನವರು. 2012ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. ಕೆರೆಮನೆ, ಚಿಟ್ಟಾಣಿ, ಕರ್ಕಿ, ಜಲವಳ್ಳಿ, ಕಡತೋಕೆ, ಕುಮಟೆಯತ್ತ ಮೂರೂರು: ಅಂಚೆಯವನಷ್ಟೇ ಬಲ್ಲ ಊರುಗಳು ವೇಷಧಾರಿಗಳ, ಭಾಗವತರ ಹೆಸರಿನೊಡನೆ ನಾಡೆಲ್ಲ ತಿರುಗಿಬಂದವು. 1843ರಲ್ಲಿ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆಯವರು ‘ಸೀತಾಸ್ವಯಂವರ’ವನ್ನಾಡಿಸಿ ಮರಾಠಿ ರಂಗಭೂಮಿಗೆ ನಾಂದಿ ಹಾಡಿದುದಕ್ಕೂ ಕನ್ನಡ ಭಾಗವತರ ಆಟವೇ ಪ್ರೇರಣೆಯೆಂಬುದನ್ನು ನಮ್ಮವರು ಅಷ್ಟಾಗಿ ಹೇಳಿಕೊಳ್ಳುವುದಿಲ್ಲ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದುದು ಕುಣಿತವಲ್ಲ, ಅರ್ಥಗಾರಿಕೆ. ಪದ್ಯವು ಬರೆದುದು, ಮಾತು ಆ ಕ್ಷಣಕ್ಕೆ ಹುಟ್ಟುವುದು. ಕೃಷ್ಣನು ಸಂಧಾನದಲ್ಲಿ ಒಂದು ನ್ಯಾಯವನ್ನೆತ್ತಿದರೆ ಕೌರವನು ಅಲ್ಲಿಯೇ ಮರುನ್ಯಾಯ ಹೂಡಬೇಕು. ಅಕ್ಷರವರಿಯದ ಅಂಬಿಗನು ಇದನ್ನು ರಾತ್ರಿಯಿಡೀ ಕೇಳಿ, ಮರುದಿನ ಹುಟ್ಟು ಹಾಕುತ್ತ ಕರ್ಣನ ಪಕ್ಷವನ್ನು ವಾದಿಸುತ್ತಿದ್ದನಂತೆ. ಭಾಸನ ‘ಕರ್ಣಭಾರ’ವನ್ನು ನಾನು ತರಗತಿಯಲ್ಲಿ ಕಲಿಸುತ್ತಿದ್ದಾಗ, ಶಬ್ದರೂಪ ಬಾರದ ಹುಡುಗನೊಬ್ಬನು ಕವಚವನ್ನು ಕೊಡಬಾರದಿತ್ತೆಂದು ಎದ್ದು ನಿಂತು ವಾದಿಸಿದುದುಂಟು. ಅವನ ಅಜ್ಜನು ಮೇಳದಲ್ಲಿ ಮದ್ದಳೆ ಬಾರಿಸುತ್ತಿದ್ದನು.

ಈಗ ಕಾಲಮಿತಿಯ ಆಟಗಳು ಬಂದಿವೆ. ಮೂರು ಗಂಟೆಗಳಲ್ಲಿ ಮಂಗಳ. ಮುಂಜಾನೆ ಕೆಲಸಕ್ಕೆ ಹೊರಡುವವರಿಗೆ ಅದು ಅವಶ್ಯವೇ. ಆದರೆ ಕತ್ತರಿಸುವಾಗ ಕುಣಿತಕ್ಕೆ ಕೈಯಿಡದೆ ಮಾತನ್ನೇ ಮೊದಲು ಕಡಿಯುವರು. ಕೌರವನ ಉತ್ತರಕ್ಕೆ ಸಮಯವಿಲ್ಲವೆಂದಾದರೆ ಕೃಷ್ಣನ ಪ್ರಶ್ನೆಯಾದರೂ ಏಕೆ?

ಕುಮಟೆಯ ಕಡೆಯ ಮನೆಯೊಂದರಲ್ಲಿ ಆಷಾಢದ ರಾತ್ರಿ ತಾಳಮದ್ದಳೆಗೆ ಕುಳಿತಿದ್ದೆನು. ವೇಷವಿಲ್ಲ, ಕುಣಿತವಿಲ್ಲ, ಮಾತೇ ಎಲ್ಲ. ಕೌರವನು ಉತ್ತರಕ್ಕೆ ಬಾಯ್ದೆರೆಯುವಷ್ಟರಲ್ಲಿ ಹಂಚಿನ ಮೇಲೆ ಮಳೆ ಅಬ್ಬರಿಸಿತು. ಅವನು ಕಣ್ಣು ಮುಚ್ಚಿ ಕುಳಿತನು, ಕೃಷ್ಣನು ಎಲೆಯಡಿಕೆ ಹಾಕಿಕೊಂಡನು. ಯಾರೂ ಏಳಲಿಲ್ಲ. ಮಳೆ ತಗ್ಗಿದ ಮೇಲೆ ಕೌರವನು ತನ್ನ ಮಾತನ್ನು ಆರಂಭಿಸಿದನು.