ಹಳೆಯ ಸ್ವರಕ್ಕೆ ಹೊಸ ಮೈ

ಹಳೆಯ ವಸ್ತುವಿನಲ್ಲಿ ಮೋಹವಿರುವುದು ಮನುಷ್ಯನಿಗೆ ಸಹಜ. ಅಜ್ಜನ ಊರುಗೋಲನ್ನೂ ಅಜ್ಜಿಯ ಕುಂಕುಮದ ಭರಣಿಯನ್ನೂ ಮನೆಯವರು ಜೋಪಾನಮಾಡಿ ಇಟ್ಟುಕೊಳ್ಳುವುದುಂಟು. ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ಅಜ್ಜನ ಊರುಗೋಲಿನಂತೆಯೇ ಹೊಸದೊಂದನ್ನು ಮಾಡಿಸಿ, ಅಜ್ಜನ ಅಂಗೈ ಸವೆಯಿಸಿದಷ್ಟೇ ಅದನ್ನೂ ಅರದಿಂದ ಉಜ್ಜಿ ಸವೆಯಿಸಿ, ಅದಕ್ಕೆ ಹೆಚ್ಚಿನ ಹಣವನ್ನು ತೆತ್ತು ಕೊಂಡುಕೊಂಡವನನ್ನು ಕಂಡರೆ ನೆರೆಹೊರೆಯವರು ನಗದೆ ಇರಲಾರರು. ಅಮೆರಿಕ ದೇಶದ ವಿದ್ಯುತ್ ಗಿಟಾರಿನ ವ್ಯಾಪಾರದಲ್ಲಿ ಇಂಥ ಕೆಲಸ ಹಲವು ವರ್ಷಗಳಿಂದ ನಡೆದುಬಂದಿದೆ. ನಗುವುದಕ್ಕೆ ಮುಂಚೆ ಅದರ ಕಥೆಯನ್ನು ಕೇಳುವುದು ನ್ಯಾಯ.

ಮಿಚಿಗನ್ ಸಂಸ್ಥಾನದ ಕಲಮಜೂ ಎಂಬ ಊರಿನಲ್ಲಿ 1902ರಲ್ಲಿ ಗಿಬ್ಸನ್ ಎಂಬ ವಾದ್ಯದ ಕಂಪನಿ ಹುಟ್ಟಿತು. ಅದರ ಕೀರ್ತಿಯೆಲ್ಲ ಮೊದಲು ಪೊಳ್ಳು ಒಡಲಿನ ವಾದ್ಯಗಳಿಂದ ಬಂದದ್ದು. ಪೊಳ್ಳು ಒಡಲಿಗೆ ವಿದ್ಯುತ್ತನ್ನು ಕೂಡಿಸಿದರೆ ಒಂದು ತೊಡಕು ಉಂಟು: ಧ್ವನಿವರ್ಧಕದಿಂದ ಹೊರಟ ನಾದವೇ ಹಿಂದಿರುಗಿ ಬಂದು ಆ ಒಡಲನ್ನು ನಡುಗಿಸುತ್ತದೆ, ಆ ನಡುಕ ಮತ್ತೆ ಧ್ವನಿವರ್ಧಕಕ್ಕೆ ಹೋಗುತ್ತದೆ, ಕಡೆಗೆ ಸಂಗೀತ ಅಡಗಿ ಊಳಿಡುವ ಸದ್ದು ಮಾತ್ರ ಉಳಿಯುತ್ತದೆ. 1915ರಲ್ಲಿ ಹುಟ್ಟಿದ ಲೆಸ್ ಪಾಲ್ ಎಂಬ ವಾದಕನು ಇದಕ್ಕೆ ಪರಿಹಾರವಾಗಿ ಸುಮಾರು 1940ರ ಹೊತ್ತಿಗೆ ಒಂದು ಗಟ್ಟಿ ತೊಲೆಯ ಮೇಲೆಯೇ ತಂತಿಗಳನ್ನು ಬಿಗಿದನು. ನೋಡುವವರಿಗೆ ಅದು ಗಿಟಾರಿನಂತೆ ಕಾಣಲೆಂದು ಹಳೆಯ ಗಿಟಾರೊಂದನ್ನು ಸೀಳಿ ಎರಡು ಪಕ್ಕಗಳಿಗೂ ಸೇರಿಸಿದನು. ಗಿಬ್ಸನ್ ಕಂಪನಿಯವರು ಅದನ್ನು ಆಗ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. 1950ರಲ್ಲಿ ಕ್ಯಾಲಿಫೋರ್ನಿಯದ ಫೆಂಡರ್ ಕಂಪನಿ ಗಟ್ಟಿಮೈಯ ಗಿಟಾರನ್ನು ಮಾರಾಟಕ್ಕೆ ತಂದ ಮೇಲೆ ಅವರಿಗೆ ಎಚ್ಚರವಾಯಿತು. 1952ರಲ್ಲಿ ಲೆಸ್ ಪಾಲನ ಹೆಸರನ್ನೇ ಹೊತ್ತು ಚಿನ್ನದ ಬಣ್ಣದ ಗಿಟಾರು ಹೊರಬಂದಿತು. ಕೆಳಗೆ ಮಹಾಗನಿ, ಮೇಲೆ ಉಬ್ಬಾಗಿ ಕೆತ್ತಿದ ಮೇಪಲ್. ಕಂಕುಳಲ್ಲಿ ಮಗುವಿನಷ್ಟು ಭಾರ.

ಈ ವಾದ್ಯದ ನಾದ ಮರದಿಂದ ನೇರವಾಗಿ ಕಿವಿಗೆ ಬರುವುದಲ್ಲ. ಉಕ್ಕಿನ ತಂತಿಗಳ ಕೆಳಗೆ ಒಂದು ಅಯಸ್ಕಾಂತ ಇರುತ್ತದೆ. ಅದರ ಸುತ್ತ ಕೂದಲಿನಷ್ಟು ಸಣ್ಣ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಇದಕ್ಕೆ ಪಿಕಪ್ಪು ಎಂದು ಹೆಸರು. ಉಕ್ಕು ಕಂಪಿಸಿದರೆ ತಾಮ್ರದಲ್ಲಿ ಅದೇ ಕಂಪನದ ವಿದ್ಯುತ್ತು ಹರಿಯುತ್ತದೆ. ಆದರೆ ಹತ್ತಿರದ ದೀಪ ಮತ್ತು ಯಂತ್ರಗಳ ಗುಂಯ್‌ಗುಟ್ಟುವಿಕೆಯನ್ನೂ ಆ ಸುರುಳಿ ಹೀರಿಕೊಳ್ಳುತ್ತದೆ. 1955ರಲ್ಲಿ ಸೇತ್ ಲವರ್ ಎಂಬ ಇಂಜಿನಿಯರು ಎರಡು ಸುರುಳಿಗಳನ್ನು ಒಂದಕ್ಕೊಂದು ಎದುರಾಗಿ ಜೋಡಿಸಿ, ಗುಂಯ್ಕಾರವು ತನ್ನನ್ನು ತಾನೇ ನುಂಗಿಕೊಂಡು ಸಂಗೀತ ಮಾತ್ರ ಉಳಿಯುವಂತೆ ಮಾಡಿದನು. 1957ರಿಂದ ಲೆಸ್ ಪಾಲ್ ಗಿಟಾರಿಗೆ ಇದನ್ನು ಹಾಕಿದರು. ಸರ್ಕಾರದ ಹಕ್ಕುಪತ್ರ ಬಂದದ್ದು 1959ರಲ್ಲಿ. ಅಷ್ಟರಲ್ಲೇ ಪಿಕಪ್ಪಿನ ತಳಕ್ಕೆ, ಹಕ್ಕಿಗಾಗಿ ಅರ್ಜಿ ಸಲ್ಲಿಸಿದೆ ಎಂಬ ಸಣ್ಣ ಚೀಟಿಯನ್ನು ಅಂಟಿಸುತ್ತಿದ್ದರು. ಇಂದು ಆ ಚೀಟಿಯ ಹೆಸರಿನಿಂದಲೇ ಆ ಪಿಕಪ್ಪುಗಳು ಪ್ರಸಿದ್ಧವಾಗಿವೆ.

1958ರಲ್ಲಿ ಚಿನ್ನದ ಬಣ್ಣವನ್ನು ಬಿಟ್ಟು, ನಡುವೆ ಹಳದಿ, ಅಂಚಿಗೆ ಬರಬರುತ್ತ ಕೆಂಪು, ಹೀಗೆ ಇಳಿಹೊತ್ತಿನ ಆಕಾಶದಂಥ ಬಣ್ಣವನ್ನು ಹಾಕಿದರು. ಮೆರುಗೆಣ್ಣೆಯ ಕೆಳಗೆ ಮೇಪಲ್ ಮರದ ಎಳೆಗಳು ಹುಲಿಪಟ್ಟೆಯಂತೆ ಕಾಣುತ್ತಿದ್ದವು. ಇಷ್ಟೆಲ್ಲ ಮಾಡಿದರೂ ಕೊಳ್ಳುವವರು ಸಾಕಷ್ಟು ದೊರೆಯಲಿಲ್ಲ. ಬೆಲೆ ಸುಮಾರು 265 ಡಾಲರು, ಭಾರ ಹೆಚ್ಚು, ಆಕಾರ ಹಳೆಯ ಕಾಲದ್ದೆಂದು ಯುವಕರಿಗೆ ತೋರಿತು. 1960ರ ತರುವಾಯ ಕಂಪನಿಯವರು ಅದನ್ನು ಕೈಬಿಟ್ಟು, ತೆಳುಮೈಯ, ಎರಡು ಕೊಂಬುಗಳ ಬೇರೊಂದು ಗಿಟಾರನ್ನು ತಂದರು. ಆ ಮೂರು ವರ್ಷಗಳಲ್ಲಿ ಆದ ಗಿಟಾರುಗಳು ಸುಮಾರು ಒಂದೂವರೆ ಸಾವಿರವೆಂದು ಎಣಿಕೆ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ಮಿಚಿಗನ್ನಿನಲ್ಲಿಯೂ ಸಲ್ಲುತ್ತದೆ.

ಆ ಗಿಡ ಮದ್ದೆಂದು ತಿಳಿದದ್ದು ಸಮುದ್ರದಾಚೆಯ ಇಂಗ್ಲೆಂಡಿನಲ್ಲಿ. 1966ರಲ್ಲಿ ಎರಿಕ್ ಕ್ಲಾಪ್ಟನ್ ಎಂಬ ತರುಣನು ಜಾನ್ ಮೇಯಾಲನ ಮೇಳದೊಡನೆ ಧ್ವನಿಮುದ್ರಣಕ್ಕೆ ಕುಳಿತಾಗ, ಇಂಥದೊಂದು ಗಿಟಾರನ್ನು ಮಾರ್ಷಲ್ ಧ್ವನಿವರ್ಧಕಕ್ಕೆ ಸೇರಿಸಿ, ವೇದಿಕೆಯ ಮೇಲಿನಷ್ಟೇ ಗಟ್ಟಿಯಾಗಿ ನುಡಿಸಿದನು. ತನ್ನ ಶಕ್ತಿಗೆ ಮೀರಿ ದುಡಿದ ಯಂತ್ರದಲ್ಲಿ ನಾದವು ಒಡೆದು, ದಪ್ಪನಾಗಿ, ಕಮಾನಿನಿಂದ ಎಳೆದಂತೆ ದೀರ್ಘವಾಗಿ ನಿಂತಿತು. ಯಂತ್ರದ ದೋಷವೆಂದು ಎಣಿಸಿದ್ದದ್ದೇ ರಾಕ್ ಸಂಗೀತದ ಕಂಠವಾಯಿತು. ಅದೇ ವರ್ಷ ಆ ಗಿಟಾರು ಕಳುವಾಯಿತು. ಆದರೆ ಕೇಳಿದವರ ಕಿವಿಯಿಂದ ನಾದವನ್ನು ಕದಿಯುವವರು ಯಾರು? ಎಲ್ಲರಿಗೂ ಈಗ ಅದೇ ಗಿಟಾರು ಬೇಕಾಯಿತು. ಅದು ಅಂಗಡಿಯಲ್ಲಿ ಇರಲಿಲ್ಲ.

1968ರಲ್ಲಿ ಕಂಪನಿಯು ಲೆಸ್ ಪಾಲ್ ಹೆಸರಿನ ಗಿಟಾರನ್ನು ಮತ್ತೆ ಮಾಡಲು ತೊಡಗಿತು. ಹೆಸರು ಹಿಂದಿರುಗಿತು, ರೂಪ ಪೂರ್ತಿಯಾಗಿ ಹಿಂದಿರುಗಲಿಲ್ಲ. ಒಂದೊಂದು ವರ್ಷ ಒಂದೊಂದು ಅಂಶ ಬೇರೆಯಾಗುತ್ತಿತ್ತು. ಬಲ್ಲವರು ಗೊಣಗಿದರು, ಅಳತೆಗಳನ್ನು ಹಿಡಿದು ವಾದಿಸಿದರು. ಕಡೆಗೆ 1993ರಿಂದ 1959ರ ಮಾದರಿಯನ್ನು ಶ್ರದ್ಧೆಯಿಂದ ಅನುಸರಿಸುವ ಮರುಸೃಷ್ಟಿಗಳು ಬರತೊಡಗಿದವು. ಕಾಲಕ್ರಮದಲ್ಲಿ ಹಳೆಯ ಗಿಟಾರುಗಳ ಉಬ್ಬುತಗ್ಗುಗಳನ್ನು ಅಳೆದು, ಪ್ರಾಣಿಜನ್ಯ ಸರೇಸಿನಿಂದಲೇ ದಂಡಿಯನ್ನು ಕೂಡಿಸುವಷ್ಟರ ಮಟ್ಟಿಗೆ ಈ ನಿಷ್ಠೆ ಬೆಳೆಯಿತು. ಇದರ ನಡುವೆ 1984ರಲ್ಲಿ ಕಲಮಜೂವಿನ ಕಾರ್ಖಾನೆಯನ್ನು ಮುಚ್ಚಿ, ಕೆಲಸವನ್ನೆಲ್ಲ ನ್ಯಾಶ್‌ವಿಲ್ಲಿಗೆ ಒಯ್ದರು. ಹುಟ್ಟಿದೂರನ್ನು ಬಿಡಲೊಲ್ಲದ ಕೆಲವು ಕೆಲಸಗಾರರು 1985ರಲ್ಲಿ ಅದೇ ಹಳೆಯ ಕಟ್ಟಡದಲ್ಲಿ ಹೆರಿಟೇಜ್ ಎಂಬ ಹೆಸರಿನಿಂದ ಬೇರೆ ಗಿಟಾರುಗಳನ್ನು ಮಾಡತೊಡಗಿದರು. ಹೆಸರು ಹೋದ ಕಡೆ ಪರಂಪರೆ ಇದೆಯೋ, ಕೈ ಉಳಿದ ಕಡೆ ಪರಂಪರೆ ಇದೆಯೋ? ಮಠಮಾನ್ಯಗಳ ವ್ಯಾಜ್ಯಗಳನ್ನು ಕಂಡ ವಾಚಕರಿಗೆ ಈ ಪ್ರಶ್ನೆ ಹೊಸದಲ್ಲ.

ಅನುಕರಣೆಯ ವಿನೋದವೆಲ್ಲ ಇನ್ನು ಮುಂದಿದೆ. ಹಳೆಯ ಪಿಕಪ್ಪುಗಳಲ್ಲಿ ತಾಮ್ರದ ಸುತ್ತುಗಳು ಒಂದರಲ್ಲಿದ್ದಷ್ಟು ಇನ್ನೊಂದರಲ್ಲಿರಲಿಲ್ಲ. ಸುತ್ತುವವರು ಅಷ್ಟು ಕಟ್ಟುನಿಟ್ಟಾಗಿ ಎಣಿಸುತ್ತಿರಲಿಲ್ಲ. ಆ ಅಜಾಗರೂಕತೆಯನ್ನು ಇಂದು ಜಾಗರೂಕತೆಯಿಂದ ಅನುಕರಿಸುತ್ತಾರೆ. ಆಗಿನ ಕೆಂಪು ಬಣ್ಣ ಬೆಳಕಿಗೆ ನಿಲ್ಲದೆ ಮಾಸಿ, ಒಂದು ಗಿಟಾರು ಜೇನಿನಂತೆ, ಮತ್ತೊಂದು ನಿಂಬೆಯ ಹಣ್ಣಿನಂತೆ ಆಯಿತು. ಬಣ್ಣದ ಆ ಸೋಲನ್ನೇ ಇಂದು ಮೊದಲ ದಿನದಲ್ಲೇ ಬಳಿಯುತ್ತಾರೆ. ಪೀಟರ್ ಗ್ರೀನ್ ಎಂಬ ವಾದಕನ ಗಿಟಾರಿನಲ್ಲಿ ಒಂದು ಪಿಕಪ್ಪಿನ ಅಯಸ್ಕಾಂತ ತಲೆಕೆಳಗಾಗಿತ್ತು. ಎರಡು ಪಿಕಪ್ಪುಗಳನ್ನೂ ಕೂಡಿಸಿದರೆ ಮೂಗಿನಿಂದ ಅಳುವಂಥ ಒಂದು ಕ್ಷೀಣವಾದ, ಮನಕಲಕುವ ನಾದ ಬರುತ್ತಿತ್ತು. ಅದನ್ನೂ ಅನುಕರಿಸಿದ್ದಾಗಿದೆ. ಮೂಲವನ್ನು ಮಾಡಿದವರಿಗೆ ತಾವು ಮಾಡುತ್ತಿರುವುದು ದಿನದ ಕೂಲಿಯ ಕೆಲಸವೆಂದಷ್ಟೇ ಗೊತ್ತಿತ್ತು. ಪ್ರತಿಯನ್ನು ಮಾಡುವವರು ಮಾತ್ರ ಭಕ್ತರಾಗಿದ್ದಾರೆ.

ಇಷ್ಟಕ್ಕೂ ಸಾಲದೆ ಗಾಯಗಳನ್ನು ಮಾರುವ ಪದ್ಧತಿಯೂ ಬಂದಿದೆ. 1990ರ ದಶಕದ ಮಧ್ಯದಲ್ಲಿ ಫೆಂಡರ್ ಕಂಪನಿ, ಹೊಸ ಗಿಟಾರನ್ನು ಉಜ್ಜಿ, ಕುಕ್ಕಿ, ಲೋಹಕ್ಕೆ ಕಿಲುಬು ಹಿಡಿಸಿ ಮಾರತೊಡಗಿತು. ಗಿಬ್ಸನ್ನಿನಲ್ಲಿಯೂ ಈಗ ಇಂಥವು ದೊರೆಯುತ್ತವೆ. ಸೊಂಟಪಟ್ಟಿಯ ಗೀರು, ಸಿಗರೇಟಿನ ಸುಟ್ಟ ಗುರುತು, ಚಳಿಗೆ ಸಂಕುಚಿಸಿ ಬಿರಿದ ಮೆರುಗೆಣ್ಣೆ, ಎಲ್ಲವೂ ಬೆಲೆಗೆ ಬರುತ್ತವೆ. ಪಡದ ಪಾಡಿನ ಗುರುತನ್ನು ಧರಿಸುವುದು ವಂಚನೆಯಲ್ಲವೇ ಎಂದು ವಾಚಕರು ಕೇಳಬಹುದು. ಕೊಂಡವನಿಗೆ ಸತ್ಯ ಗೊತ್ತಿರುವಾಗ ಅದನ್ನು ವಂಚನೆಯೆನ್ನಲಾಗದು, ವೇಷವೆನ್ನಬಹುದು. ವೇಷ ಕಟ್ಟಿದವನು ರಾತ್ರಿಯೆಲ್ಲ ಚೆನ್ನಾಗಿ ಕುಣಿದರೆ ಕಿರೀಟ ಕಾಗೆಬಂಗಾರದ್ದೆಂದು ಆಕ್ಷೇಪಿಸುವವರಿಲ್ಲ. ಕಿರೀಟವನ್ನು ಇಟ್ಟುಕೊಂಡು ಕುಣಿಯದೆ ಕುಳಿತವನಲ್ಲಿ ಮಾತ್ರ ಅದು ಹಾಸ್ಯಾಸ್ಪದ.

ವೇಷಕ್ಕಿಂತ ಭಾರವಾದ ಪ್ರಶ್ನೆ ಮರದ್ದು. ಹಳೆಯ ಗಿಟಾರುಗಳಲ್ಲಿ ಮೆಟ್ಟಿಲುಗಳನ್ನು ಕೂರಿಸಿದ ಹಲಗೆ ಬ್ರೆಜಿಲ್ ದೇಶದ ರೋಸ್‌ವುಡ್ಡಿನದು. ಆ ಮರ ಅಳಿಯುವ ಹಂತಕ್ಕೆ ಬಂದದ್ದರಿಂದ 1992ರಲ್ಲಿ ಅಂತರರಾಷ್ಟ್ರೀಯ ಒಪ್ಪಂದವು ಅದರ ವ್ಯಾಪಾರವನ್ನು ಬಹುಮಟ್ಟಿಗೆ ತಡೆಯಿತು. ಅದರ ಸ್ಥಾನಕ್ಕೆ ಹೆಚ್ಚಾಗಿ ಬಂದದ್ದು ಅದರ ದಾಯಾದಿ, ಭಾರತದ ರೋಸ್‌ವುಡ್. ಎಂದರೆ ಪಶ್ಚಿಮ ಘಟ್ಟದ ಬೀಟೆ. ಮೈಸೂರಿನ ಅರಮನೆಯ ಬಾಗಿಲುಗಳಲ್ಲಿ ದಂತದ ಹೂಬಳ್ಳಿಯನ್ನು ಹೊತ್ತು ನಿಂತಿರುವುದು ಈ ಮರವೇ. ಕನ್ನಡ ನಾಡಿನಲ್ಲಿ ತನ್ನ ಹೊಲದ ಬೀಟೆಯನ್ನು ಕಡಿಯಲು ಸಹ ರೈತನು ಅರಣ್ಯ ಇಲಾಖೆಯ ಅಪ್ಪಣೆ ಪಡೆಯಬೇಕು. 2017ರಿಂದ ಆ ಕುಲದ ಮರಗಳೆಲ್ಲ ಒಪ್ಪಂದದ ಹತೋಟಿಗೆ ಬಂದವು. 2019ರಲ್ಲಿ ಸಿದ್ಧಪಡಿಸಿದ ವಾದ್ಯಗಳಿಗೆ ವಿನಾಯಿತಿ ದೊರೆಯಿತು. ಮೆರುಗೆಣ್ಣೆಯ ಬಿರುಕನ್ನು ಒಂದು ದಿನದಲ್ಲಿ ತರಬಹುದು. ಬೀಟೆಯ ಕಾಂಡದ ಒಳಗೆ ಆ ಕಪ್ಪುನೇರಳೆ ಕೆಚ್ಚು ಕೂಡಲು ಒಂದು ತಲೆಮಾರು ಸಾಲದು. ಕಾಲವನ್ನು ನಟಿಸಲಾಗದ ಜಾಗ ಗಿಟಾರಿನಲ್ಲಿ ಇದೊಂದೇ.

ಹಾಗಾದರೆ ಮರುಸೃಷ್ಟಿಯಿಂದ ಬಂದ ಭಾಗ್ಯವೇನು? 1959ರ ಗಿಟಾರುಗಳಿಗೆ ಇಂದು ಲಕ್ಷಾಂತರ ಡಾಲರು ಬೆಲೆ. ಅವುಗಳಲ್ಲಿ ಎಷ್ಟೋ ಸಂಗ್ರಹಕಾರರ ಭದ್ರ ಕೋಣೆಗಳಲ್ಲಿ, ಮೃದುವಾದ ಬಟ್ಟೆಯ ಹಾಸಿನ ಮೇಲೆ ಮೌನವಾಗಿ ಮಲಗಿವೆ. ಹಲವು ಸಾವಿರ ಡಾಲರಿನ ಪ್ರತಿಯೂ ಅಗ್ಗವಲ್ಲ. ಆದರೂ ದುಡಿದು ಕೂಡಿಟ್ಟ ವಾದಕನ ಕೈಗೆ ಅದು ಎಟಕಬಹುದು. ಅವನು ಅದನ್ನು ಮಳೆಯಲ್ಲಿ ಹೊತ್ತೊಯ್ಯುತ್ತಾನೆ, ಬೆವರಿನಲ್ಲಿ ನೆನೆಯಿಸುತ್ತಾನೆ, ಬೀಳಿಸಿ ನೊಂದುಕೊಳ್ಳುತ್ತಾನೆ. ಮೂಲದ ನಾದ ಇದರಲ್ಲಿ ಪೂರ್ತಿಯಾಗಿ ಬಂದಿದೆಯೇ ಎಂಬ ವಾದ ಬಲ್ಲವರಲ್ಲಿ ಇನ್ನೂ ಮುಗಿದಿಲ್ಲ, ಮುಗಿಯುವಂತೆಯೂ ಕಾಣದು. ಆದರೆ 1966ರಲ್ಲಿ ಆ ಗಿಟಾರು ಪೂಜ್ಯವಾಗಿರಲಿಲ್ಲ. ಯಾರಿಗೂ ಬೇಡವಾದ, ಹಳೆಯ ಮಾದರಿಯ ಒಂದು ಸರಕಾಗಿತ್ತು. ಅದರೊಡನೆ ಒಬ್ಬ ತರುಣನು ಸಲುಗೆಯಿಂದ ನಡೆದುಕೊಂಡದ್ದರಿಂದಲೇ ಅದು ಬಾಯಿಬಿಟ್ಟಿತು. ಆ ಸಲುಗೆಯನ್ನು ಲಕ್ಷ ಬೆಲೆಯ ಮೂಲದೊಡನೆ ಯಾರೂ ತೋರಲಾರರು, ಪ್ರತಿಯೊಡನೆ ತೋರಬಹುದು. ಕಾರ್ಖಾನೆಯವರು ಮಾಡಿದ ಗೀರುಗಳ ಪಕ್ಕದಲ್ಲಿ ವಾದಕನ ಸೊಂಟಪಟ್ಟಿಯ ನಿಜವಾದ ಮೊದಲ ಗೀರು ಬಿದ್ದ ದಿನ, ಅದು 1959ರ ಗಿಟಾರಿನ ಪ್ರತಿಯಾಗಿ ಉಳಿಯುವುದಿಲ್ಲ. ಅವನ ಗಿಟಾರು ಆಗುತ್ತದೆ.