ಉಗುರಿನ ಮೇಲೆ ಅರ

ಬೀದರ ನಗರಕ್ಕೆ ಅರದ ಕೆಲಸ ಹೊಸದಲ್ಲ. ಹೆಚ್ಚು ಪಾಲು ಸತುವಿಗೆ ಅಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಯ ಒರಟು ಮೈಯನ್ನು ಅರದಿಂದ ಉಜ್ಜಿ ಸಮಗೊಳಿಸಿದ ಮೇಲೆಯೇ ಚಿತ್ತಾರ ಕೊರೆದು ಬೆಳ್ಳಿ ಕೂರಿಸುವ ಬಿದರಿ ಕಲೆಗೆ 2006ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಅಲ್ಲಿ ಅರ ಆಳಕ್ಕಿಳಿದು ಪಾತ್ರೆ ಕೆಟ್ಟರೆ ಲೋಹವನ್ನು ಮತ್ತೆ ಕರಗಿಸಬಹುದು. ಅರ್ಧ ಮಿಲಿಮೀಟರಿನಷ್ಟೇ ದಪ್ಪವಿರುವ ಉಗುರು ಸವೆದರೆ ಆ ಅನುಕೂಲವಿಲ್ಲ. ಕೈಯುಗುರು ತಿಂಗಳಿಗೆ ಬೆಳೆಯುವುದು ಸುಮಾರು 3 ಮಿಲಿಮೀಟರ್ ಮಾತ್ರವಾದ್ದರಿಂದ, ಒಂದು ಕ್ಷಣದ ಅವಸರ ಸರಿಹೋಗಲು ಆರು ತಿಂಗಳು ಕಾಯಬೇಕಾಗುತ್ತದೆ. ಬ್ಯೂಟಿ ಪಾರ್ಲರಿನ ಮೇಜಿನ ಮೇಲಿರುವ ವಿದ್ಯುತ್ ಅರವನ್ನು ಈ ಎಚ್ಚರದಿಂದಲೇ ಸಜ್ಜುಗೊಳಿಸಬೇಕು.

ನೇಲ್ ಡ್ರಿಲ್ ಎಂದೂ ಕರೆಯಲಾಗುವ ಈ ಉಪಕರಣದಲ್ಲಿ ವೇಗ ನಿಯಂತ್ರಿಸುವ ಪೆಟ್ಟಿಗೆ, ಮೋಟಾರು ಅಡಗಿರುವ ಹಿಡಿಕೆ, ಹಿಡಿಕೆಯ ತುದಿಗೆ ಸಿಕ್ಕಿಸುವ ಬಿಟ್, ಅಂದರೆ ಉಗುರನ್ನು ಉಜ್ಜುವ ತಿರುಗುಮೊನೆ, ಇರುತ್ತವೆ. ಭಾರತದ ವಿದ್ಯುತ್ ಪೂರೈಕೆ 230 ವೋಲ್ಟಿನದಾದ್ದರಿಂದ, ಅಮೆರಿಕದಿಂದ ಬಂಧುಗಳು ತಂದುಕೊಟ್ಟ ಯಂತ್ರದ ಅಡಾಪ್ಟರಿನ ಮೇಲೆ 120 ವೋಲ್ಟ್ ಎಂದಷ್ಟೇ ಮುದ್ರಿತವಾಗಿದ್ದರೆ ಅದನ್ನು ನೇರವಾಗಿ ಪ್ಲಗ್ಗಿಗೆ ಸೇರಿಸಕೂಡದು. ಬಿಟ್ಟನ್ನು ಯಂತ್ರ ನಿಂತಿರುವಾಗಲೇ ಪೂರ್ತಿ ಒಳಸೇರಿಸಿ ಬಿಗಿದು, ಕಡಿಮೆ ವೇಗದಲ್ಲಿ ಗಾಳಿಯಲ್ಲಿ ತಿರುಗಿಸಿ ನೋಡಬೇಕು. ಅದು ಓಲಾಡಿದರೆ ದಂಡ ಬಾಗಿದೆ ಎಂದೇ ತಿಳಿದು ಎಸೆಯುವುದು ಲೇಸು. ವಿದ್ಯುತ್ ಹೋದಾಗ ವೇಗದ ಗುಂಡಿಯನ್ನು ಸೊನ್ನೆಗೆ ತಿರುಗಿಸುವ ರೂಢಿಯೂ ಅಷ್ಟೇ ಮುಖ್ಯ, ಏಕೆಂದರೆ ಕರೆಂಟು ಮರಳಿದೊಡನೆ ಮೊನೆ ಬೆರಳ ಮೇಲೆಯೇ ತಿರುಗತೊಡಗಬಹುದು.

ಗ್ರಿಟ್ ಎಂಬುದು ಉಜ್ಜುವ ಮೈಯ ಒರಟುತನದ ಅಳತೆ. ಸಂಖ್ಯೆ ಚಿಕ್ಕದಾದಷ್ಟೂ ಮೈ ಒರಟು. ಕೃತಕ ಲೇಪವಿಲ್ಲದ ಸಹಜ ಉಗುರಿಗೆ 240 ಅಥವಾ ಅದಕ್ಕಿಂತ ನಯವಾದ ಗ್ರಿಟ್ಟೇ ತಕ್ಕುದು. ಹೊದಿಕೆಯ ಮೇಲೆ ಹೆಮ್ಮೆಯಿಂದ ಬರೆದಿರುವ ನಿಮಿಷಕ್ಕೆ 30,000 ಸುತ್ತು ಎಂಬುದು ಯಂತ್ರದ ಸಾಮರ್ಥ್ಯವೇ ಹೊರತು ಬಳಸಬೇಕಾದ ವೇಗವಲ್ಲ. ಸಹಜ ಉಗುರಿಗೆ ಕೆಲವೇ ಸಾವಿರ ಸುತ್ತು ಸಾಕು. ಒಂದೇ ಕಡೆ ನಿಂತ ಮೊನೆ ಘರ್ಷಣೆಯಿಂದ ಬಿಸಿಯಾಗಿ, ಆ ಕಾವು ಉಗುರಿನಡಿಯ ನರಗಳಿರುವ ಮೃದು ಚರ್ಮಕ್ಕೆ ಇಳಿಯುವುದರಿಂದ, ಬಿಟ್ಟನ್ನು ಉಗುರಿಗೆ ಸಮಾಂತರವಾಗಿ ಹಿಡಿದು, ಒತ್ತಡ ಹಾಕದೆ, ಸದಾ ಸರಿಸುತ್ತಿರಬೇಕು. ಉರಿಯುತ್ತದೆ ಎಂದು ಗ್ರಾಹಕಿ ಹೇಳಿದಾಗ ಅದನ್ನು ಸಂಕೋಚವೆಂದು ತಳ್ಳಿಹಾಕುವುದು ತಪ್ಪು; ಆ ಕ್ಷಣವೇ ಕೈ ತೆಗೆಯಬೇಕು.

ಏಳುವ ಧೂಳಿಗೆ ಮಾಸ್ಕ್ ಮತ್ತು ಕನ್ನಡಕ ಬೇಕು. ಸಡಿಲ ಕೂದಲು, ದುಪಟ್ಟಾ, ಸೆರಗು ಮೊನೆಯಿಂದ ದೂರವಿರಬೇಕು. ಉಜ್ಜುಕಾಗದದ ಸುರುಳಿಯನ್ನು ಒಬ್ಬರಿಗೆ ಬಳಸಿ ಎಸೆಯಬೇಕು, ಲೋಹದ ಬಿಟ್ಟನ್ನು ಸೋಪಿನಿಂದ ತಿಕ್ಕಿ ತೊಳೆದು ಸೋಂಕುನಿವಾರಕದಲ್ಲಿ ನೆನೆಸಬೇಕು, ಬಟ್ಟೆಯಿಂದ ಒರೆಸಿದರೆ ಸಾಲದು. ಮಧುಮೇಹವಿರುವವರ ಕಾಲುಗುರಿಗೆ ವೈದ್ಯರನ್ನು ಕೇಳದೆ ಯಂತ್ರ ತಾಗಿಸಬಾರದು, ಏಕೆಂದರೆ ಅವರಿಗೆ ಗಾಯದ ನೋವು ತಿಳಿಯದೆಯೂ ಇರಬಹುದು.

ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳು ಕಲಿಸುವ ಕಸುಬುಗಳಲ್ಲಿ ಬ್ಯೂಟಿ ಪಾರ್ಲರ್ ನಿರ್ವಹಣೆಯೂ ಒಂದು. ಬೀದರ ಜಿಲ್ಲೆಯ ಭಾಲ್ಕಿ, ಔರಾದಗಳ ಹೆಣ್ಣುಮಕ್ಕಳಿಗೆ ಈ ಕಸುಬು ಕಲಿಸುವವರು ಅಲಂಕಾರದ ಪಾಠಕ್ಕೆ ಮೊದಲು ಈ ಯಂತ್ರವನ್ನು ನಿಲ್ಲಿಸುವುದನ್ನೂ ಬಿಟ್ಟನ್ನು ತೊಳೆಯುವುದನ್ನೂ ಕೈಯಾರೆ ಮಾಡಿಸಿ ಕಲಿಸಲಿ.